ಯಾರೂ ಹೊಡೆಯದೆ ಕಂದಿದ ಮೈ

ಮೈಮೇಲೆ ನೀಲಿ ಕಲೆ ಕಂಡರೆ ನಮ್ಮ ಕಡೆ ಮೊದಲು ಕೇಳುವ ಮಾತು ಒಂದೇ: “ಯಾರ ಹೊಡದಾರ?” ಯಾರೂ ಹೊಡೆದಿಲ್ಲ ಅಂದರೆ, “ಮತ್ತ ಎಲ್ಲಿ ಬಿದ್ದಿ?” ಬಿದ್ದೂ ಇಲ್ಲ ಅಂದರೆ ಮಾತು ಗಾಳಿ-ಸೋಂಕಿನ ಕಡೆ ತಿರುಗುತ್ತದೆ, ಇಲ್ಲವೆ ಕೂಸು ಸುಳ್ಳು ಹೇಳುತ್ತದೆ ಅನ್ನುವಲ್ಲಿಗೆ ಮುಗಿಯುತ್ತದೆ. ಇವು ಮೂರಲ್ಲದೆ ನಾಲ್ಕನೆಯ ಪ್ರಶ್ನೆಯೊಂದಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಆ ಪ್ರಶ್ನೆಯನ್ನು ಸರಿಯಾಗಿ ಕೇಳಿ ಬರೆದಿಟ್ಟು ನೂರು ವರ್ಷ ಆಗಿದೆ ಅಷ್ಟೆ. ಅದರ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನಾನು ಮಾಸ್ತರನಾಗಿದ್ದಾಗಿನ ಒಂದು ಸಂಗತಿ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಈ ವಿಷಯ ನನ್ನ ತಲೆಗೆ ಹೊಕ್ಕದ್ದೇ ಅದರಿಂದ. ಮೂರನೇ ಇಯತ್ತೆಯ ಹುಡುಗಿಯೊಬ್ಬಳ ತೋಳು, ತೊಡೆ, ಬೆನ್ನಿನ ಮೇಲೆಲ್ಲ ಕಪ್ಪು-ನೀಲಿ ಕಲೆಗಳು. ತಾಯಿಯನ್ನು ಶಾಲೆಗೆ ಕರೆಸಿ ನಾಲ್ಕು ಜನರ ಎದುರಿಗೇ ಬೈದೆ. “ನಾ ಹೊಡದಿಲ್ರಿ ಸರ, ಕೂಸಿನ ಆಣಿ,” ಅಂತ ಆಕೆ ಅತ್ತಳು. ನಾನು ನಂಬಲಿಲ್ಲ. ಹದಿನೈದು ದಿನ ಕಳೆದಿರಬೇಕು, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹುಡುಗಿಯ ಮೂಗಿನಿಂದ ರಕ್ತ ಇಳಿಯತೊಡಗಿತು. ಒಂದು ತಾಸಾದರೂ ನಿಲ್ಲಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ಸೊಲ್ಲಾಪುರಕ್ಕೆ ಓಡಿದೆವು. ರಕ್ತ ತಪಾಸಣೆ ಮಾಡಿದರೆ ಪ್ಲೇಟ್‌ಲೆಟ್ ಎಂಟು ಸಾವಿರ. ಇರಬೇಕಾದದ್ದು ಒಂದೂವರೆ ಲಕ್ಷದ ಮೇಲೆ. ಹುಡುಗಿ ಉಳಿದಳು, ಐದಾರು ತಿಂಗಳಲ್ಲಿ ಕಲೆಗಳೂ ಹೋದವು. ನಾನು ಅವರ ಮನೆಗೆ ಹೋಗಿ “ತಪ್ಪಾತವ್ವಾ” ಅಂದೆ. ಆಕೆ ಚಹಾ ಕೊಟ್ಟಳು, ಮಾತಾಡಲಿಲ್ಲ. ಮುಂದೆ ಎಂದೂ ಶಾಲೆಯ ಅಂಗಳಕ್ಕೆ ಕಾಲಿಡಲಿಲ್ಲ.

ಆಮೇಲೆ ಸಿಕ್ಕ ಸಿಕ್ಕ ಪುಸ್ತಕ ಓದಿದೆ, ತಿಳಿದ ಡಾಕ್ಟರರನ್ನು ಕೇಳಿದೆ.

ಕಂದಿದ ಕಲೆ ಅಂದರೆ ಏನು ಅಂತ ಮೊದಲು ನೋಡೋಣ. ಚರ್ಮದ ಕೆಳಗಿನ ಕೂದಲೆಳೆಯಂಥ ರಕ್ತನಾಳ ಒಡೆದು ರಕ್ತ ಹೊರಗೆ ಬರಲಾರದೆ ಒಳಗೇ ನಿಂತದ್ದು. ಮೊದಲು ಕೆಂಪು, ಮರುದಿನ ನೀಲಿ ಅಥವಾ ಕಪ್ಪು, ಆಮೇಲೆ ಹಸಿರು, ಕೊನೆಗೆ ಹಳದಿ. ಹೀಗೆ ಎರಡು ವಾರದಲ್ಲಿ ಮೈ ಅದನ್ನು ಜೀರ್ಣಿಸಿಕೊಳ್ಳುತ್ತದೆ. ನಮ್ಮ ಹೆಂಗಸರು “ಹಸರಗಟ್ಟೇತಿ” ಅನ್ನುವುದು ಸುಮ್ಮನೆ ಅಲ್ಲ, ಕಣ್ಣಿಗೆ ಕಂಡದ್ದನ್ನೇ ಹೇಳುವುದು. ಸಣ್ಣಪುಟ್ಟ ನಾಳ ನಮಗೆಲ್ಲ ದಿನವೂ ಒಡೆಯುತ್ತಿರುತ್ತದೆ, ಆದರೆ ಕಲೆ ಏಳುವುದಿಲ್ಲ. ಯಾಕೆಂದರೆ ಒಡೆದ ಗಳಿಗೆಯಲ್ಲೇ ಅದನ್ನು ಮುಚ್ಚುವ ಏರ್ಪಾಡು ರಕ್ತದಲ್ಲಿಯೇ ಇದೆ. ಹೊಲಕ್ಕೆ ನೀರು ಬಿಟ್ಟಾಗ ಬದು ಒಡೆದರೆ ಏನು ಮಾಡುತ್ತೇವೆ? ಕೈಗೆ ಸಿಕ್ಕ ಹೆಂಟೆ ಒತ್ತುತ್ತೇವೆ, ಆಮೇಲೆ ಕೆಸರು ತಂದು ಮೆತ್ತುತ್ತೇವೆ. ರಕ್ತದಲ್ಲಿ ಹೆಂಟೆಯ ಕೆಲಸ ಪ್ಲೇಟ್‌ಲೆಟ್‌ನದು. ಕೆಸರು ಮೆತ್ತುವ ಕೆಲಸ ಹೆಪ್ಪುಗಟ್ಟಿಸುವ ಹತ್ತು-ಹನ್ನೆರಡು ಬಗೆಯ ವಸ್ತುಗಳದು. ಡಾಕ್ಟರರು ಅವಕ್ಕೆ ಫ್ಯಾಕ್ಟರ್ ಅಂತಾರೆ. ಹೆಂಟೆ ಕಡಿಮೆ ಬಿದ್ದರೂ ನೀರು ಹರಿಯುತ್ತದೆ, ಕೆಸರು ಕಡಿಮೆ ಬಿದ್ದರೂ ಹರಿಯುತ್ತದೆ. ಮೂರನೆಯ ಒಂದು ತಾಪತ್ರಯವೂ ಉಂಟು: ಹೆಂಟೆಯೂ ಇದೆ, ಕೆಸರೂ ಇದೆ, ಆದರೆ ಹೆಂಟೆ ಬದುವಿಗೆ ಹಿಡಿದು ನಿಲ್ಲುತ್ತಿಲ್ಲ, ನೀರಿನ ಜೊತೆ ಜಾರಿ ಹೋಗುತ್ತದೆ. ಈ ಮೂರನೆಯದನ್ನು ಲೋಕ ಬಹಳ ತಡವಾಗಿ ಕಂಡುಕೊಂಡಿತು. ತಡವಾದದ್ದಕ್ಕೆ ಒಂದು ಕಾರಣ, ಅದು ಬಹುವಾಗಿ ಹೆಣ್ಣುಮಕ್ಕಳಲ್ಲಿ ಕಾಣುತ್ತಿತ್ತು ಎಂಬುದು.

ಮೊದಲು ಗೊತ್ತಾದದ್ದು ಗಂಡಸರ ರೋಗ. 1803ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಕಾನ್ರಾಡ್ ಆಟೊ ಎಂಬ ವೈದ್ಯ ಒಂದು ಮನೆತನದ ಹಕೀಕತ್ತನ್ನು ಅಚ್ಚು ಹಾಕಿಸಿದ. ಆ ಮನೆತನದಲ್ಲಿ ಗಂಡುಮಕ್ಕಳಿಗೆ ಸಣ್ಣ ತರಚುಗಾಯವಾದರೂ ರಕ್ತ ನಿಲ್ಲುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಏನೂ ಇಲ್ಲ, ಆದರೆ ರೋಗವನ್ನು ಮುಂದಿನ ತಲೆಮಾರಿಗೆ ಒಯ್ಯುವವರು ಅವರೇ. ಇದೇ ಹಿಮೋಫಿಲಿಯಾ. ಮುಂದೆ ಇದು ರಾಜಮನೆತನಗಳಲ್ಲೂ ಕಾಣಿಸಿಕೊಂಡು ಜಗತ್ಪ್ರಸಿದ್ಧವಾಯಿತು. ವಿಕ್ಟೋರಿಯಾ ರಾಣಿಯ ಮಗ ಲಿಯೋಪೋಲ್ಡ್ 1884ರಲ್ಲಿ ಜಾರಿ ಬಿದ್ದು, ಮಿದುಳಿನಲ್ಲಿ ರಕ್ತ ಸೋರಿ ಮೂವತ್ತರ ಹರೆಯದಲ್ಲಿ ಸತ್ತ. ಅವಳ ಮರಿಮಗ, ರಷ್ಯದ ಯುವರಾಜ ಅಲೆಕ್ಸಿಯ ಕಥೆ, ಅವನ ನೋವಿನ ಹೆಸರಿನಲ್ಲಿ ರಾಸ್ಪುಟಿನ್ ಅರಮನೆ ಹೊಕ್ಕದ್ದು, ಇದೆಲ್ಲ ಇತಿಹಾಸದ ಪಾಠದಲ್ಲಿ ಬರುವಂಥದ್ದೇ. ಅರಮನೆಯ ಕಥೆಯನ್ನು ನಾನು ಲಂಬಿಸುವುದಿಲ್ಲ. ಅದರಿಂದ ಒಂದು ಕೆಡುಕಾಯಿತು ಅನ್ನುವುದಷ್ಟೇ ನನ್ನ ಮಾತು. “ರಕ್ತ ನಿಲ್ಲದ ರೋಗ ಗಂಡಸರಿಗೆ ಬರುವಂಥದ್ದು, ಹೆಂಗಸು ಹೊತ್ತು ತರುವವಳು ಮಾತ್ರ” ಅನ್ನುವ ಮಾತು ವೈದ್ಯರ ತಲೆಯಲ್ಲಿ ಕಲ್ಲಿನ ಗೆರೆಯಾಗಿ ಕೂತುಬಿಟ್ಟಿತು. ಹೆಣ್ಣುಮಗಳೊಬ್ಬಳು ಮೈತುಂಬ ಕಂದಿಕೊಂಡು ಬಂದರೆ, ಮುಟ್ಟಿನ ರಕ್ತ ಹತ್ತು ದಿನ ನಿಲ್ಲಲಿಲ್ಲ ಅಂದರೆ, ಅವಳಿಗೆ ರೋಗದ ಹೆಸರೇ ಸಿಗುತ್ತಿರಲಿಲ್ಲ.

ಆ ಗೆರೆ ಅಳಿಸಿದ್ದು ದೊಡ್ಡ ಊರಿನ ಕುಟುಂಬವಲ್ಲ, ನಡುಗಡ್ಡೆಯ ಒಂದು ಹಳ್ಳಿ ಮನೆ.

ಸ್ವೀಡನ್ ಮತ್ತು ಫಿನ್‌ಲ್ಯಾಂಡ್ ನಡುವಿನ ಸಮುದ್ರದಲ್ಲಿ ಓಲಾಂಡ್ ಎಂಬ ದ್ವೀಪಗಳ ಗುಂಪಿದೆ. ಅಲ್ಲಿಯ ಜನ ಆಡುವುದು ಸ್ವೀಡಿಷ್, ಇರುವುದು ಫಿನ್‌ಲ್ಯಾಂಡಿನ ಆಡಳಿತದಲ್ಲಿ. ಓಲಾಂಡ್ ಯಾರಿಗೆ ಸೇರಬೇಕು ಅನ್ನುವ ತಂಟೆ ಅಂದಿನ ರಾಷ್ಟ್ರಸಂಘದವರೆಗೆ ಹೋಗಿ 1921ರಲ್ಲಿ ತೀರ್ಮಾನವಾಯಿತು: ನೆಲ ಫಿನ್‌ಲ್ಯಾಂಡಿಗೆ, ಆದರೆ ಜನರ ಭಾಷೆಗೆ, ಶಾಲೆಗೆ, ನಡಾವಳಿಗೆ ರಕ್ಷಣೆ ಕೊಡಬೇಕು. ಗಡಿಯಾಚೆ ಕೂತು ಕನ್ನಡ ಶಾಲೆ ನಡೆಸುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆ ದ್ವೀಪಗಳಲ್ಲಿ ಫೋಗ್ಲೋ ಎಂಬುದೊಂದು. ಮೀನು ಹಿಡಿಯುವುದು, ಒಂದಿಷ್ಟು ಬೇಸಾಯ, ಸುತ್ತಲೂ ನೀರು. ಹೆಣ್ಣು ಕೊಡುವುದು ತರುವುದು ಬಹುಮಟ್ಟಿಗೆ ಅಲ್ಲಲ್ಲೇ.

1924ರಲ್ಲಿ ಫೋಗ್ಲೋದಿಂದ ಐದು ವರ್ಷದ ಹುಡುಗಿಯೊಬ್ಬಳನ್ನು ಸಮುದ್ರ ದಾಟಿಸಿ ಹೆಲ್ಸಿಂಕಿಯ ಡೀಕನೆಸ್ ಆಸ್ಪತ್ರೆಗೆ ತಂದರು. ಹೆಸರು ಯೋರ್ಡಿಸ್. ವೈದ್ಯಕೀಯ ಚರಿತ್ರೆಯಲ್ಲಿ ಅವಳ ಮೊದಲ ಹೆಸರು ಹಾಗೆಯೇ ಉಳಿದಿದೆ. ಅವಳಿಗೆ ಮೂಗು, ಒಸಡುಗಳಿಂದ ಪದೇ ಪದೇ ರಕ್ತ. ಮೈಮೇಲೆ ಕಾರಣವಿಲ್ಲದ ಕಲೆಗಳು. ಮೂರು ವರ್ಷದವಳಿದ್ದಾಗ ಮೇಲ್ದುಟಿಗೆ ಗಾಯವಾಗಿ ಮೂರು ದಿನ ರಕ್ತ ಹರಿದು, ಜೀವ ಹೋಗಿ ಬಂದಂತಾಗಿತ್ತು. ಅವಳ ಒಡಹುಟ್ಟಿದವರು ಬಹಳ ಜನ. ಅವರಲ್ಲಿ ಹೆಚ್ಚಿನವರಿಗೆ ಇದೇ ತೊಂದರೆ. ಅಕ್ಕಂದಿರಲ್ಲಿ ಕೆಲವರು ಎಳವೆಯಲ್ಲೇ ರಕ್ತ ಹರಿದು ತೀರಿಕೊಂಡಿದ್ದರು. ತಾಯಿಯ ಕಡೆಯೂ ಇದೇ ಕಥೆ, ತಂದೆಯ ಕಡೆಯೂ ಇದೇ ಕಥೆ.

ಅವಳನ್ನು ನೋಡಿದ ವೈದ್ಯ ಎರಿಕ್ ಆಡಾಲ್ಫ್ ವಾನ್ ವಿಲ್ಲೆಬ್ರಾಂಡ್. ಆಗ ಅವನಿಗೆ ಐವತ್ತು ದಾಟಿತ್ತು. ಆತ ಮಾಡಿದ್ದರಲ್ಲಿ ದೊಡ್ಡ ಯಂತ್ರದ ಕೆಲಸ ಯಾವುದೂ ಇರಲಿಲ್ಲ. ಅಮೆರಿಕದ ಡ್ಯೂಕ್ ಎಂಬಾತ 1910ರಲ್ಲಿ ಹೇಳಿಕೊಟ್ಟ ಒಂದು ಸಾದಾ ಪರೀಕ್ಷೆ ಇತ್ತು: ಕಿವಿಯ ಹಾಲೆಗೆ ಸಣ್ಣದಾಗಿ ಚುಚ್ಚುವುದು, ಅರ್ಧ ಅರ್ಧ ನಿಮಿಷಕ್ಕೆ ಒಂದು ಕಾಗದ ಒತ್ತಿ ರಕ್ತದ ಚುಕ್ಕೆ ಹಿಡಿಯುವುದು, ಎಷ್ಟು ಚುಕ್ಕೆಗೆ ನಿಂತಿತು ಅಂತ ಎಣಿಸುವುದು. ಆರೋಗ್ಯವಂತರಲ್ಲಿ ಒಂದರಿಂದ ಮೂರು ನಿಮಿಷದಲ್ಲಿ ನಿಲ್ಲುತ್ತದೆ. ಈ ಮನೆತನದವರಲ್ಲಿ ನಿಲ್ಲಲೇ ಒಲ್ಲದು. ಪ್ಲೇಟ್‌ಲೆಟ್ ಎಣಿಸಿ ನೋಡಿದ, ಸಾಕಷ್ಟಿವೆ. ರಕ್ತವನ್ನು ಗಾಜಿನಲ್ಲಿ ಹಿಡಿದು ಹೆಪ್ಪುಗಟ್ಟುವ ಹೊತ್ತು ನೋಡಿದ, ಅದೂ ಸರಿಯಾಗಿಯೇ ಇದೆ. ಅಂದರೆ ಹೆಂಟೆ ಇದೆ, ಕೆಸರೂ ಇದೆ, ಆದರೂ ಬದು ಕಟ್ಟುತ್ತಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಅದು ಒಂದು ಹುಡುಗಿಯ ಕಥೆಯಾಗಿ ಉಳಿಯುತ್ತಿತ್ತು. ಆತ ನಾಲ್ಕನೆಯ ಪ್ರಶ್ನೆ ಕೇಳಿದ: ನಿಮ್ಮ ಮನೆಯಲ್ಲಿ ಮತ್ತೆ ಯಾರಿಗೆ ಹೀಗಾಗಿತ್ತು? ನಾವು ಹೆಳವರ ಬಾಯಲ್ಲಿ ಕೇಳುವ ಹಾಗೆ ಇಡೀ ಮನೆತನದ ವಂಶಾವಳಿ ಕೂಡಿಹಾಕಿದ. ಅದರಲ್ಲಿ ಒಂದು ವ್ಯತ್ಯಾಸ, ಹೆಳವರ ಪುಸ್ತಕದಲ್ಲಿ ಬರದ ವಿವರಗಳನ್ನೇ ಈತ ಮುಖ್ಯವೆಂದು ಬರೆದುಕೊಂಡ: ಯಾವ ಹೆಣ್ಣುಮಗಳು ಹೆರಿಗೆಯಲ್ಲಿ ಹೋದಳು, ಯಾರಿಗೆ ಮುಟ್ಟು ನಿಲ್ಲುತ್ತಿರಲಿಲ್ಲ, ಯಾವ ಕೂಸು ನಾಲಿಗೆ ಕಚ್ಚಿಕೊಂಡು ರಕ್ತ ಹರಿದು ಸತ್ತಿತು. ಹೀಗೆ 66 ಜನರ ಲೆಕ್ಕ ಸಿಕ್ಕಿತು. ಅವರಲ್ಲಿ 23 ಜನರಿಗೆ ರಕ್ತ ನಿಲ್ಲದ ತೊಂದರೆ. ಆ 23ರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಗಂಡಸರಿಗೆ ಮಾತ್ರ ಬರುತ್ತದೆ ಅನ್ನುವ ಮಾತು ಅಲ್ಲಿಗೆ ಮುರಿಯಿತು. 1926ರಲ್ಲಿ ಆತ ಇದನ್ನು ಬರೆದು ಪ್ರಕಟಿಸಿದ. ಕೊಟ್ಟ ಹೆಸರು, ವಂಶಪಾರಂಪರ್ಯವಾಗಿ ಬರುವ ಹುಸಿ ಹಿಮೋಫಿಲಿಯಾ ಎಂದು. ಬರೆದದ್ದು ಸ್ವೀಡಿಷ್ ಭಾಷೆಯಲ್ಲಿ, ಫಿನ್‌ಲ್ಯಾಂಡಿನ ಒಂದು ವೈದ್ಯ ಸಂಘದ ಪತ್ರಿಕೆಯಲ್ಲಿ. ಸಣ್ಣ ಭಾಷೆಯಲ್ಲಿ ಬರೆದದ್ದು ದೊಡ್ಡ ಊರಿನವರ ಕಣ್ಣಿಗೆ ಬೀಳುವುದು ತಡ. 1931ರಲ್ಲಿ ಅದನ್ನೇ ಜರ್ಮನ್ ಭಾಷೆಯಲ್ಲಿ ಬರೆದ ಮೇಲೆ ಹೊರಗಿನವರು ಹೊರಳಿ ನೋಡಿದರು.

ಯೋರ್ಡಿಸ್ ಏನಾದಳು? ಹದಿಮೂರನೆಯ ವಯಸ್ಸಿನಲ್ಲಿ, ಮೈನೆರೆದ ಮೇಲೆ ನಾಲ್ಕನೆಯ ಸಲದ ಮುಟ್ಟಿನಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು. ರೋಗಕ್ಕೆ ಹೆಸರು ಸಿಕ್ಕಿತ್ತು, ಅವಳಿಗೆ ಮದ್ದು ಸಿಕ್ಕಿರಲಿಲ್ಲ.

ಮದ್ದಿನ ದಾರಿ ಕಂಡದ್ದು 1950ರ ದಶಕದ ನಡುವಿನಲ್ಲಿ, ಸ್ವೀಡನ್ನಿನಲ್ಲಿ. ಇಂಗಾ ಮೇರಿ ನಿಲ್ಸನ್ ಎಂಬ ವೈದ್ಯೆ, ಮಾರ್ಗರೆಟಾ ಮತ್ತು ಬಿರ್ಗರ್ ಬ್ಲೊಂಬೆಕ್ ಎಂಬ ದಂಪತಿ, ಇವರು ರಕ್ತದ ನೀರಿನಿಂದ ಒಂದು ಸಾರ ತೆಗೆದು ಇಂಥ ರೋಗಿಗಳಿಗೆ ಕೊಟ್ಟಾಗ ರಕ್ತ ನಿಂತಿತು. ಅದಕ್ಕಿಂತ ಬೆರಗಿನ ಸಂಗತಿ ಬೇರೆ ಇದೆ. ಹಿಮೋಫಿಲಿಯಾ ಇದ್ದ ಗಂಡಸರ ರಕ್ತದಿಂದ ತೆಗೆದ ಸಾರ ಕೊಟ್ಟರೂ ನಿಂತಿತು! ಅಂದಮೇಲೆ ಇವರಲ್ಲಿ ಇಲ್ಲದ ವಸ್ತು ಬೇರೆಯೇ ಆಗಿರಬೇಕು, ಅದು ಹಿಮೋಫಿಲಿಯಾದವರಲ್ಲಿ ಇದ್ದೇ ಇದೆ. 1957ರಲ್ಲಿ ಅವರು ಓಲಾಂಡಿಗೇ ಹೋಗಿ ಆ ಮನೆತನದವರನ್ನು ಮತ್ತೆ ಪರೀಕ್ಷಿಸಿದರು. ಅಲ್ಲಿಯೂ ಅದೇ ಕೊರತೆ. ಆ ವಸ್ತುವಿಗೆ ಇಂದು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂದು ಹೆಸರು. ನಮ್ಮ ಬದುವಿನ ಮಾತಿನಲ್ಲಿ ಹೇಳಿದರೆ ಅದು ಹೆಂಟೆಯನ್ನು ಒಡೆದ ಬಾಯಿಗೆ ಹಿಡಿಸಿ ನಿಲ್ಲಿಸುವ ಜಿಗುಟು. ಕೆಸರಿನ ಒಂದು ಪಾಲನ್ನು ಹೊತ್ತು ಕಾಪಾಡುವ ಕೆಲಸವೂ ಅದರದೇ. ಅದನ್ನು ತಯಾರಿಸುವ ಜೀನ್ ಸಿಕ್ಕಿದ್ದು 1985ರಲ್ಲಿ. ಅದು 12ನೆಯ ವರ್ಣತಂತುವಿನಲ್ಲಿದೆ. ಗಂಡು-ಹೆಣ್ಣು ನಿರ್ಧರಿಸುವ ವರ್ಣತಂತುವಿನಲ್ಲಿ ಇಲ್ಲದ್ದರಿಂದಲೇ ಇದು ಇಬ್ಬರಿಗೂ ಸಮನಾಗಿ ಬರುತ್ತದೆ. ಆದರೆ ತಿಂಗಳು ತಿಂಗಳು ರಕ್ತ ಹೋಗುವುದು, ಹೆರುವುದು ಹೆಣ್ಣಿನ ಪಾಲಿಗೆ ಇರುವುದರಿಂದ ಕಷ್ಟ ಹೆಚ್ಚು ಕಾಣುವುದು ಅವಳಲ್ಲೇ.

ಇಲ್ಲಿ ನಮಗೆ ಸಂಬಂಧಪಟ್ಟ ಒಂದು ಮಾತಿದೆ. ಈ ರೋಗದಲ್ಲಿ ಹಗುರ ಬಗೆಯೂ ಇದೆ, ಉಗ್ರ ಬಗೆಯೂ ಇದೆ. ಹಗುರದ್ದು ತಂದೆ-ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ತೀರ ಉಗ್ರವಾದದ್ದು ಬರಬೇಕಾದರೆ ಕೊರತೆ ಎರಡೂ ಕಡೆಯಿಂದ ಬರಬೇಕು, ಯೋರ್ಡಿಸಳಿಗೆ ಬಂದ ಹಾಗೆ. ಸಂಬಂಧದಲ್ಲೇ ಕೊಟ್ಟು ತರುವ ಕಡೆ, ಅಂದರೆ ಇರಾನಿನಲ್ಲಿ, ನಮ್ಮ ದಕ್ಷಿಣ ಭಾರತದಲ್ಲಿ, ಈ ಉಗ್ರ ಬಗೆ ಬೇರೆ ಕಡೆಗಿಂತ ಹೆಚ್ಚು ಕಾಣುತ್ತದೆ ಅಂತ ವೈದ್ಯರು ಬರೆದಿದ್ದಾರೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ನಡೆದೇ ಬಂದಿದೆ. ನನ್ನ ಮದುವೆಯೂ ಹಾಗೆಯೇ ಆದದ್ದು, ಆದ್ದರಿಂದ ಯಾರಿಗೂ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಮನೆಯ ಎರಡೂ ಕಡೆ ರಕ್ತ ನಿಲ್ಲದ ಕಥೆ ಇದ್ದರೆ ಸಂಬಂಧ ಕುದುರಿಸುವ ಮೊದಲು ಡಾಕ್ಟರರ ಮುಂದೆ ಒಂದು ಮಾತು ತೆಗೆಯುವುದು ಒಳ್ಳೆಯದು ಅಂತ ಮಾತ್ರ ಹೇಳಬಲ್ಲೆ.

ನನ್ನ ಶಾಲೆಯ ಹುಡುಗಿಯದು ಈ ರೋಗ ಅಲ್ಲ. ಅವಳದು ಪ್ಲೇಟ್‌ಲೆಟ್ ಕಡಿಮೆ ಬಿದ್ದದ್ದು. ಡೆಂಗಿ ಬಂದಂದಿನಿಂದ ಪ್ಲೇಟ್‌ಲೆಟ್ ಅನ್ನುವ ಶಬ್ದ ನಮ್ಮ ಕಟ್ಟೆಯ ಮೇಲಿನ ಮುದುಕರ ಬಾಯಿಗೂ ಬಂದಿದೆ. ಆದರೆ ಅವಳಿಗೆ ಡೆಂಗಿಯೂ ಇರಲಿಲ್ಲ. ಮೂರು ವಾರ ಮೊದಲು ಸಾದಾ ನೆಗಡಿ-ಜ್ವರ ಬಂದು ಹೋಗಿತ್ತು, ಅಷ್ಟೇ. ಅಂಥ ಜ್ವರದ ಮೇಲೆ ಕೆಲವು ಮಕ್ಕಳಲ್ಲಿ ಮೈಯ ರಕ್ಷಣಾ ಪಡೆ ದಾರಿ ತಪ್ಪಿ ತನ್ನದೇ ಪ್ಲೇಟ್‌ಲೆಟ್‌ಗಳನ್ನು ಹೊಡೆದು ಹಾಕುತ್ತದೆ. ಹೆಚ್ಚಿನ ಮಕ್ಕಳಲ್ಲಿ ಆರು ತಿಂಗಳೊಳಗೆ ತಾನಾಗಿ ಸರಿಹೋಗುತ್ತದೆ. ದೊಡ್ಡವರಲ್ಲಿ ಹಾಗಲ್ಲ, ಬಹಳ ದಿನ ಜಗ್ಗುತ್ತದೆ.

ಇದನ್ನು ಕಂಡುಹಿಡಿದವನ ಕಥೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ಎಳೆಯ ವೈದ್ಯನಿದ್ದ. ಇಂಥ ರೋಗಿಗಳಲ್ಲಿ ಪ್ಲೇಟ್‌ಲೆಟ್ ತಯಾರಾಗುತ್ತಲೇ ಇಲ್ಲವೋ, ತಯಾರಾದದ್ದನ್ನು ಏನೋ ನಾಶ ಮಾಡುತ್ತಿದೆಯೋ ಅನ್ನುವುದು ಅಂದಿನ ಜಗಳ. ಹ್ಯಾರಿಂಗ್ಟನ್ ಮೈಯೆಲ್ಲ ಕಂದಿದ್ದ ಒಬ್ಬ ರೋಗಿ ಹೆಣ್ಣುಮಗಳ ರಕ್ತವನ್ನು ಅರ್ಧ ಲೀಟರಿನಷ್ಟು ತನ್ನ ನರಕ್ಕೇ ಏರಿಸಿಕೊಂಡ. ಕೆಲವೇ ತಾಸಿನಲ್ಲಿ ಅವನ ಪ್ಲೇಟ್‌ಲೆಟ್ ತಳ ಕಂಡಿತು. ಯಾರೂ ಮುಟ್ಟದೆ ಅವನ ಮೈಮೇಲೆ ಕೆಂಪು ಚುಕ್ಕೆ, ಕಂದಿದ ಕಲೆ ಎದ್ದವು. ಒಂದು ವಾರದೊಳಗೆ ಮತ್ತೆ ಏರಿತು, ಬದುಕಿಕೊಂಡ. ರೋಗಿಯ ರಕ್ತದಲ್ಲೇ ಪ್ಲೇಟ್‌ಲೆಟ್ ನಾಶ ಮಾಡುವ ವಸ್ತು ಇದೆ ಅಂತ ಅಲ್ಲಿಗೆ ಗೊತ್ತಾಯಿತು. 1951ರಲ್ಲಿ ಅದನ್ನು ಪ್ರಕಟಿಸಿದ. ಹೀಗೆ ತಮ್ಮ ಮೈಮೇಲೆ ಪ್ರಯೋಗ ಮಾಡಿಕೊಳ್ಳುವುದು ಸರಿಯೇ ಅಂತ ಕೇಳಿದರೆ ನಾನು ಸರಿ ಅನ್ನಲಾರೆ. ಆದರೆ “ನಾ ಹೊಡದಿಲ್ರಿ” ಅಂದ ತಾಯಿಯ ಮಾತಿಗೆ ಅಷ್ಟು ದೂರದಲ್ಲಿ, ಅಷ್ಟು ವರ್ಷ ಮೊದಲೇ ಸಾಕ್ಷಿ ನುಡಿದವನು ಆತ.

ಹೊರಗಿನಿಂದ ಹೊಟ್ಟೆಗೆ ಹೋಗಿ ಮೈ ಕಂದಿಸುವ ಕಾರಣವೂ ಇದೆ. ಅದು ಮೊದಲು ಗೊತ್ತಾದದ್ದು ದನಗಳಲ್ಲಿ. 1920ರ ದಶಕದಲ್ಲಿ ಕೆನಡಾ, ಉತ್ತರ ಅಮೆರಿಕದ ಬಯಲಿನಲ್ಲಿ ದನಗಳು ಕೋಡು ಕೊಯ್ದಲ್ಲಿ, ಬೀಜ ಒಡೆದಲ್ಲಿ ರಕ್ತ ನಿಲ್ಲದೆ ಸಾಯತೊಡಗಿದವು. ಬೂಜು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳಿಗೆ ಮಾತ್ರ ಹೀಗಾಗುತ್ತದೆ ಅಂತ ಪಶುವೈದ್ಯರು ಕಂಡುಕೊಂಡರು. ಆ ಮೇವು ನಮ್ಮ ಕುದುರೆ ಮೆಂತೆಯ ಬಳಗದ್ದು. 1933ರ ಫೆಬ್ರುವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಒಬ್ಬ ರೈತ ಹಿಮದ ಬಿರುಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಗಾಡಿ ಹೊಡೆದುಕೊಂಡು ಬಂದ. ಗಾಡಿಯಲ್ಲಿ ಸತ್ತ ಕಡಸು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಒಂದು ಹೊರೆ ಕೆಟ್ಟ ಮೇವು. ಬಂದು ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಮುಂದೆ ಇಳಿಸಿದ. ಆ ಮೇವು ಹಾಕಬೇಡ ಅನ್ನುವುದರ ಹೊರತು ಅಂದು ಲಿಂಕ್ ಏನೂ ಹೇಳಲಾರದೆ ಹೋದ. ಆರು ವರ್ಷ ದುಡಿದು ಆ ಮೇವಿನಲ್ಲಿದ್ದ ವಿಷವನ್ನು ಬೇರ್ಪಡಿಸಿದರು. ಅದರ ದಾರಿಯಲ್ಲೇ 1948ರಲ್ಲಿ ವಾರ್ಫರಿನ್ ಎಂಬ ಇಲಿ ಪಾಷಾಣ ಬಂತು, 1954ರಿಂದ ಅದೇ ಮನುಷ್ಯರ ಮದ್ದೂ ಆಯಿತು. ಹೃದಯದ ಕವಾಟ ಬದಲಿಸಿಕೊಂಡವರು “ರಕ್ತ ತೆಳ್ಳಗಾಗುವ ಗುಳಿಗೆ” ಅಂತ ನುಂಗುವುದು ಇದನ್ನೇ. ಅಂಥ ಗುಳಿಗೆಯ ಪ್ರಮಾಣ ಹೆಚ್ಚಾದರೂ ಮೈ ಕಂದುತ್ತದೆ. ಮನೆಯಲ್ಲಿ ಇಲಿ ಪಾಷಾಣ ಇಟ್ಟು ಕೂಸಿನ ಮೈಮೇಲೆ ಕಲೆ ಕಂಡರೂ ಇದರ ಅನುಮಾನ ಪಡಬೇಕು.

ಇಷ್ಟು ಓದಿದ ಮೇಲೆ ಶಿಕ್ಷಕರು ಕೇಳಬಹುದು: ಹಾಗಾದರೆ ಎಲ್ಲ ಕಲೆಗೂ ಹೆದರಬೇಕೇನು? ಬೇಡ. ಆಡುವ ಮಕ್ಕಳ ಮೊಣಕಾಲು, ಮುಂಗಾಲ ಎಲುಬಿನ ಮೇಲೆ ಕಲೆ ಇಲ್ಲದಿದ್ದರೇ ವಿಚಿತ್ರ. ಎಳೆ ಕೂಸಿನ ಟೊಂಕದ ಮೇಲೆ ಹುಟ್ಟಿನಿಂದಲೇ ಇರುವ ನೀಲಿ ಮಚ್ಚೆ ನಮ್ಮ ದೇಶದ ಮಕ್ಕಳಲ್ಲಿ ಸರ್ವೇಸಾಮಾನ್ಯ, ಬೆಳೆದಂತೆ ಮಾಸುತ್ತದೆ. ಮುದುಕರ ಮುಂಗೈ ಚರ್ಮ ಕಾಗದದಂತೆ ತೆಳುವಾಗಿ ಅಲ್ಲಲ್ಲಿ ನೇರಳೆ ಬಣ್ಣ ಕಾಣುತ್ತದೆ, ಅದೂ ವಯಸ್ಸಿನದು. ಆದರೆ ಹೊಟ್ಟೆ, ಬೆನ್ನು, ಕಿವಿಯ ಸುತ್ತ ಕಲೆ ಕಂಡರೆ, ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಬೆರಳಿಂದ ಒತ್ತಿದರೂ ಮಾಸದಿದ್ದರೆ, ಮೂಗಿನ ರಕ್ತ ಹತ್ತಿಪ್ಪತ್ತು ನಿಮಿಷಕ್ಕೂ ನಿಲ್ಲದಿದ್ದರೆ, ಇನ್ನೂ ಅಂಬೆಗಾಲಿಡದ ಕೂಸಿಗೆ ಕಲೆ ಎದ್ದರೆ, ಅಂದೇ ದವಾಖಾನೆಗೆ ಒಯ್ಯಬೇಕು. ಕಲೆಯ ಜೊತೆ ಜ್ವರ, ಮುಖ ಬಿಳುಚಿಕೊಳ್ಳುವುದು, ಎಲುಬು ನೋವು ಇದ್ದರಂತೂ ತಡ ಮಾಡಕೂಡದು. ರಕ್ತದ ಕ್ಯಾನ್ಸರೂ ಹೀಗೇ ಮೊದಲು ಕಾಣಿಸಿಕೊಳ್ಳುತ್ತದೆ. ಇನ್ನೊಂದು ಮಾತು, ನನ್ನ ತಪ್ಪಿನ ಕಥೆ ಕೇಳಿ ಯಾರೂ ಎದುರು ದಿಕ್ಕಿಗೆ ಜಾರಬಾರದು. ನಿಜವಾಗಿಯೂ ಹೊಡೆಸಿಕೊಂಡ ಹುಡುಗಿಯರೂ ಹೆಂಗಸರೂ ನಮ್ಮ ಊರುಗಳಲ್ಲಿ ಇದ್ದಾರೆ, “ಏನೋ ರಕ್ತದ ದೋಷ” ಅಂತ ಅದನ್ನು ಮುಚ್ಚುವವರೂ ಇದ್ದಾರೆ. ರಕ್ತದ ತಪಾಸಣೆ ಎರಡೂ ಕಡೆಗೆ ಸತ್ಯ ಹೇಳುತ್ತದೆ. ಬೈಯುವುದಕ್ಕಿಂತ ಮೊದಲು ಅದನ್ನು ಮಾಡಿಸಬೇಕಾಗಿತ್ತು ನಾನು.

ತಪಾಸಣೆಯ ವಿಷಯದಲ್ಲೂ ಒಂದು ತೊಡಕಿದೆ. ತಾಲೂಕಿನಲ್ಲಿ ಮಾಡುವ ಸಾದಾ ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಲೆಕ್ಕ ಸಿಗುತ್ತದೆ. ಯೋರ್ಡಿಸಳ ರೋಗ ಅದರಲ್ಲಿ ಕಾಣುವುದಿಲ್ಲ. “ಎಲ್ಲಾ ನಾರ್ಮಲ್ ಐತಿ” ಅಂತ ಕಳಿಸಿಬಿಡುತ್ತಾರೆ. ವಾನ್ ವಿಲ್ಲೆಬ್ರಾಂಡ್ ಪರೀಕ್ಷೆ ಅಂತಲೇ ಕೇಳಿ ಮಾಡಿಸಬೇಕು, ಅದು ದೊಡ್ಡ ಊರಿನಲ್ಲೇ ಆಗಬೇಕು, ಒಮ್ಮೊಮ್ಮೆ ಎರಡು ಮೂರು ಸಲ ಮಾಡಬೇಕಾಗುತ್ತದೆ. ಗೊತ್ತಾದರೆ ಇಂದು ಮದ್ದಿದೆ. ಮುಟ್ಟಿನ ರಕ್ತ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಗುಳಿಗೆ ಅಗ್ಗದ್ದು. ಅದನ್ನು ಜಪಾನಿನ ಉಟಾಕೊ ಒಕಾಮೊಟೊ ಎಂಬ ಮಹಿಳಾ ವಿಜ್ಞಾನಿ ಮತ್ತು ಆಕೆಯ ಗಂಡ 1962ರಲ್ಲಿ ಲೋಕಕ್ಕೆ ತಿಳಿಸಿದರು, ಬಾಣಂತಿಯರು ರಕ್ತ ಹರಿದು ಸಾಯುವುದನ್ನು ತಡೆಯಬೇಕೆಂಬ ಹಟದಿಂದ. ಡಾಕ್ಟರರನ್ನು ಕೇಳದೆ ಅದನ್ನೂ ನುಂಗಬಾರದು. ಹೊಟ್ಟೆ ನೋವಿಗೆ ಅಂತ ಇಂಥ ಹುಡುಗಿಯರಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಟ್ಟರೆ ರಕ್ತ ಇನ್ನೂ ಹೆಚ್ಚು ಹೋಗುತ್ತದೆ ಅನ್ನುವುದನ್ನಂತೂ ಪ್ರತಿಯೊಬ್ಬ ತಾಯಿ ತಿಳಿದಿರಬೇಕು.

ಹಿಮೋಫಿಲಿಯಾ ಇರುವವರಿಗೆ ಕರ್ನಾಟಕದಲ್ಲಿ ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿ ಬಹಳ ಕೆಲಸ ಮಾಡಿದೆ. ಅದನ್ನು ಕಟ್ಟಿದ ಡಾ. ಸುರೇಶ ಹನಗವಾಡಿಯವರು ಸ್ವತಃ ಆ ರೋಗದೊಂದಿಗೇ ಬಾಳಿದವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ರಕ್ತದ ರೋಗಗಳೆಂದು ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಎಂಬ ಮೂರು ಹೆಸರು ಬಂದಿವೆ. ಯೋರ್ಡಿಸಳ ರೋಗದ ಹೆಸರು ಅಲ್ಲಿ ಇಲ್ಲ.

ಈ ಸಂಗತಿಯನ್ನು ನಾನು ನಮ್ಮ ವಾಚನಾಲಯದ ಹೆಣ್ಣುಮಕ್ಕಳ ಕೂಟದಲ್ಲಿ ಒಮ್ಮೆ ಹೇಳಿದೆ. ಗಂಡಸು ಮುಟ್ಟಿನ ಮಾತು ಆಡುತ್ತಾನೆ ಅಂತ ಕೆಲವರು ಸೆರಗು ಬಾಯಿಗೆ ಹಿಡಿದು ನಕ್ಕರು. ಹಿಂದೆ ಕೂತಿದ್ದ ಒಬ್ಬ ಮುದುಕಿ ಮಾತ್ರ ನಗಲಿಲ್ಲ. “ನಮ್ಮ ಮನಿ ಹೆಣಮಕ್ಕಳದ್ದೆಲ್ಲಾ ಹಿಂಗ ಐತ್ರಿ ಮಾಸ್ತರ,” ಅಂದಳು. “ನಮ್ಮವ್ವಂದೂ ಹಿಂಗ, ನಂದೂ ಹಿಂಗ, ನನ್ನ ಮಗಳದ್ದೂ ಹಿಂಗ. ಎಂಟು ದಿನ, ಹತ್ತು ದಿನ. ಮೈ ತಟಗು ತಾಗಿದ್ರ ಕರ್ರಗ ಆಗತಿತ್ತು. ಎಲ್ಲಾರ್ಗೂ ಹಿಂಗ ಇರತದ ಅಂತ ತಿಳಕೊಂಡಿದ್ವಿ.” ಮಗಳನ್ನು ಕೊಟ್ಟದ್ದು ತನ್ನ ತಮ್ಮನಿಗೇ. ಮೊಮ್ಮಗಳಿಗೆ ಈಗ ಹನ್ನೆರಡು ವರ್ಷ, ಇನ್ನೂ ಮೈನೆರೆದಿಲ್ಲ. ಹಾಲುಹಲ್ಲು ಬಿದ್ದಾಗಲೆಲ್ಲ ಎರಡೆರಡು ದಿನ ರಕ್ತ ಉಗುಳಿದ್ದಳಂತೆ. ಹೋದ ವಾರ ಅವಳನ್ನು ಕರೆದುಕೊಂಡು ಹೋಗಿ ರಕ್ತ ಕೊಟ್ಟು ಬಂದಿದ್ದಾರೆ. ಅದು ಪುಣೆಗೆ ಹೋಗಿದೆ, ವರದಿ ಇನ್ನೂ ಬಂದಿಲ್ಲ.